ಮರುಕಟ್ಟಿದ ಊರು ಅದೇ ಊರೇ?

ಫ್ರಾನ್ಸಿನ ವಾಯವ್ಯ ಅಂಚಿನ ಬ್ರಿಟನಿ ಪ್ರಾಂತದಲ್ಲಿ, ಕಡಲಿಗೆ ಚಾಚಿದ ಒಂದು ಬಂಡೆಯ ಮೇಲೆ ಸುತ್ತಲೂ ಕಲ್ಲುಕೋಟೆ ಕಟ್ಟಿಕೊಂಡು ನಿಂತಿರುವ ಊರು ಸಾಂ-ಮಾಲೊ. ರೆನ್ ನಗರದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ರೆನ್‌ನ ವಿಶ್ವವಿದ್ಯಾಲಯಗಳಿಗೆ ಓದಲು ಬರುವ ಹೊರದೇಶದ ವಿದ್ಯಾರ್ಥಿಗಳು ಬೆಳಿಗ್ಗೆ ಹೊರಟು ಸಂಜೆಗೆ ಮರಳುವಂತೆ ನೋಡಿ ಬರುವ ಊರುಗಳಲ್ಲಿ ಇದೂ ಒಂದು. ನಿಲ್ದಾಣದಿಂದ ಹಡಗುಕಟ್ಟೆಯ ಬದಿಯಲ್ಲಿ ನಡೆದು ಸಾಂ-ವಿನ್ಸೆಂಟ್ ಬಾಗಿಲನ್ನು ದಾಟಿದರೆ ಎರಡೂ ಕಡೆ ಎತ್ತರದ ಕರಿಬೂದು ಗ್ರಾನೈಟ್ ಮನೆಗಳು, ಕಡಿದಾದ ಸ್ಲೇಟು ಮಾಡುಗಳು, ಮಾಡಿನ ಮೇಲೆ ಉದ್ದನೆಯ ಹೊಗೆಗೂಡುಗಳು. ಹದಿನೇಳು, ಹದಿನೆಂಟನೆಯ ಶತಮಾನದ ಬಂದರು ಪಟ್ಟಣವೊಂದು ಹಾಗೆಯೇ ಉಳಿದುಬಂದಿದೆ ಎಂದು ಅಲ್ಲಿಗೆ ಮೊದಲ ಸಲ ಬಂದವರು ಸಹಜವಾಗಿ ನಂಬುತ್ತಾರೆ. ನಿಜವೇನೆಂದರೆ ಆ ಮನೆಗಳಲ್ಲಿ ಹೆಚ್ಚಿನವು ಎದ್ದದ್ದು 1948ರಿಂದ ಈಚೆಗೆ. ಇದು ತಿಳಿದ ಗಳಿಗೆಯಲ್ಲಿ ಏಳುವ ಪ್ರಶ್ನೆ ತತ್ತ್ವಶಾಸ್ತ್ರದಷ್ಟೇ ಹಳೆಯದು. ಒಂದು ವಸ್ತುವಿನ ಭಾಗಗಳೆಲ್ಲ ಹೋಗಿ ಬೇರೆ ಭಾಗಗಳು ಬಂದ ಮೇಲೂ ಅದು ಅದೇ ವಸ್ತುವೇ?

1944ರ ಆಗಸ್ಟಿನಲ್ಲಿ ಆದದ್ದನ್ನು ಮೊದಲು ಹೇಳಬೇಕು. ನಾರ್ಮಂಡಿಯಲ್ಲಿ ಇಳಿದ ಅಮೆರಿಕದ ಸೇನೆ ಪಶ್ಚಿಮಕ್ಕೆ ತಿರುಗಿ ಬ್ರಿಟನಿಯ ಬಂದರುಗಳತ್ತ ಬಂದಾಗ ಸಾಂ-ಮಾಲೊ ಜರ್ಮನರ ಕೈಯಲ್ಲಿತ್ತು. ಅಲ್ಲಿನ ದಂಡಾಧಿಕಾರಿ ಕರ್ನಲ್ ಫಾನ್ ಔಲಾಕ್ ಶರಣಾಗಲು ಒಪ್ಪಲಿಲ್ಲ. ಆಗಸ್ಟ್ 6ರಂದು ಕೆಥೆಡ್ರಲಿನ ಶಿಖರ ಉರುಳಿತು. ಮುಂದಿನ ದಿನಗಳಲ್ಲಿ ಶೆಲ್, ಬಾಂಬು, ಬೆಂಕಿ ಒಟ್ಟಾಗಿ ಊರನ್ನು ತಿಂದವು. ಆಲೆ ಭೂಶಿರದ ದುರ್ಗದಲ್ಲಿ ಅಡಗಿ ಕಾದಾಡುತ್ತಿದ್ದ ಔಲಾಕ್ ಆಗಸ್ಟ್ 17ರಂದು ಶರಣಾದಾಗ, ಕೋಟೆಯೊಳಗಿನ 865 ಕಟ್ಟಡಗಳಲ್ಲಿ ನಿಂತಿದ್ದವು 182 ಮಾತ್ರ. ಅವೂ ಗಾಯಗೊಂಡಿದ್ದವು. ವಿಚಿತ್ರವೆಂದರೆ, ಇವೆಲ್ಲವನ್ನೂ ಕಾಯಬೇಕಿದ್ದ ಕೋಟೆಗೋಡೆ ಬಹುಪಾಲು ಅಲುಗದೆ ಉಳಿಯಿತು. ಒಳಗಿನ ಊರು ಹೋಗಿ, ಊರಿನ ಬೇಲಿ ಮಾತ್ರ ಉಳಿದ ಸ್ಥಿತಿ ಅದು.

ಮುಂದೇನು ಎಂಬುದಕ್ಕೆ ಆ ಕಾಲದ ಫ್ರಾನ್ಸಿನಲ್ಲಿ ಎರಡು ಉತ್ತರಗಳು ಎದುರುಬದುರಾಗಿ ನಿಂತಿದ್ದವು. ಅದೇ ಯುದ್ಧದಲ್ಲಿ ನೆಲಸಮವಾದ ಲ ಹಾವ್ರ್ ಬಂದರನ್ನು ವಾಸ್ತುಶಿಲ್ಪಿ ಒಗ್ಯುಸ್ತ್ ಪೆರೆ ಕಾಂಕ್ರೀಟಿನಲ್ಲಿ, ಚೌಕದ ಲೆಕ್ಕಾಚಾರದಲ್ಲಿ, ಹಳೆಯದರ ನೆರಳೂ ಇಲ್ಲದಂತೆ ಹೊಸದಾಗಿ ಕಟ್ಟಿಸಿದರು. ಸಾಂ-ಮಾಲೊ ಇನ್ನೊಂದು ದಾರಿ ಹಿಡಿಯಿತು. 1947ರಿಂದ ಮೇಯರ್ ಆಗಿದ್ದ ಗಿ ಲಾ ಶಾಂಬ್ರ್ ಅವರ ಕಾಲದಲ್ಲಿ, ಲೂಯಿ ಅರೆತ್ಶ್ ಎಂಬ ವಾಸ್ತುಶಿಲ್ಪಿಯ ಮುಂದಾಳ್ತನದಲ್ಲಿ ಊರು ಹಳೆಯ ಚಹರೆಯಲ್ಲೇ ಎದ್ದಿತು. ಕೋಟೆಯ ಅಂಚಿಗೆ ಸಾಲಾಗಿ ನಿಂತಿದ್ದ ಹಡಗು ಮಾಲೀಕರ ಭವನಗಳ ಮುಖಗಳು ಮೊದಲಿನ ಅಳತೆಯಲ್ಲೇ ಮೇಲೆದ್ದವು. ಒಳಬೀದಿಗಳಲ್ಲಿ ಮಾತ್ರ ಅರೆತ್ಶ್ ಪಡಿಯಚ್ಚು ಮಾಡಲು ಹೋಗಲಿಲ್ಲ. ಬೀದಿಗಳು ಕೊಂಚ ಅಗಲವಾದವು, ಗಾಳಿ ಬೆಳಕು ಸುಳಿಯದ ಹಿತ್ತಲುಗಳು ತೆರೆದುಕೊಂಡವು, ಗೋಡೆಗಳ ಅಲಂಕಾರ ಸರಳವಾಯಿತು. ಒಳಗೆ ಕಬ್ಬಿಣ ಹಾಕಿದ ಕಾಂಕ್ರೀಟಿನ ಚೌಕಟ್ಟು, ಹೊರಗೆ ಗ್ರಾನೈಟಿನ ಹೊದಿಕೆ. ಕಿಟಕಿಗಳು ಒಂದರ ಮೇಲೊಂದು ನೇರ ಗೆರೆಯಲ್ಲಿ ನಿಂತಿರುವುದು, ಕಲ್ಲಿನ ಅಂಚುಗಳು ತೀರ ಹದವಾಗಿರುವುದು, ಗೋಡೆ ಎಲ್ಲಿಯೂ ಬಾಗದೆ ಇರುವುದು, ಇವನ್ನು ಒಮ್ಮೆ ಗಮನಿಸಿದ ಕಣ್ಣಿಗೆ ಆಮೇಲೆ ಮನೆಯ ವಯಸ್ಸು ಮರೆಯಾಗುವುದಿಲ್ಲ. ರ್ಯೂ ಪೆಲಿಕೊ ಎಂಬ ಬೀದಿಯಲ್ಲಿ ಬದುಕುಳಿದ ಕೆಲವು ಹಳೆಯ ಮನೆಗಳನ್ನು ನೋಡಿ ಬಂದವರಿಗೆ ಈ ವ್ಯತ್ಯಾಸ ಇನ್ನೂ ಬೇಗ ತಿಳಿಯುತ್ತದೆ.

ಈ ಬಗೆಯ ಪ್ರಶ್ನೆಗೆ ಪಶ್ಚಿಮದಲ್ಲಿ ಎಲ್ಲರೂ ಎತ್ತಿಕೊಳ್ಳುವ ನಿದರ್ಶನ ಥೀಸಿಯಸನ ಹಡಗು. ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿರುವಂತೆ, ವೀರ ಥೀಸಿಯಸ್ ಮರಳಿ ಬಂದ ಹಡಗನ್ನು ಅಥೆನ್ಸಿನವರು ತಲೆಮಾರುಗಳ ಕಾಲ ಕಾಪಾಡಿದರು. ಕೊಳೆತ ಹಲಗೆಯನ್ನು ಕಿತ್ತು ಹೊಸದನ್ನು ಜೋಡಿಸುತ್ತಲೇ ಹೋದರು. ಅದು ಅದೇ ಹಡಗು ಎಂದು ಕೆಲವು ತತ್ತ್ವಜ್ಞಾನಿಗಳು, ಅಲ್ಲ ಎಂದು ಉಳಿದವರು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಇದಕ್ಕೆ ಇನ್ನೊಂದು ತಿರುವು ಕೊಟ್ಟ. ಕಿತ್ತೆಸೆದ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು, ಅದೇ ಕ್ರಮದಲ್ಲಿ ಜೋಡಿಸಿ ಎರಡನೆಯ ಹಡಗು ಮಾಡಿದರೆ, ಎರಡರಲ್ಲಿ ಯಾವುದು ಥೀಸಿಯಸನದು? ದ್ರವ್ಯವನ್ನು ನೆಚ್ಚಿದರೆ ಎರಡನೆಯದು, ಆಕಾರವನ್ನೂ ಬಿಡದ ಬಳಕೆಯನ್ನೂ ನೆಚ್ಚಿದರೆ ಮೊದಲನೆಯದು. ಎರಡನ್ನೂ ಒಟ್ಟಿಗೆ ಹಿಡಿಯಲು ಹೋದರೆ ಒಂದೇ ಹಡಗು ಎರಡು ಕಡೆ ಇದೆ ಎನ್ನಬೇಕಾಗುತ್ತದೆ.

ಕೋಟೆಯಿಂದ ಪೂರ್ವಕ್ಕೆ ಚಾಚಿರುವ ಸಿಯೊಂ ದಂಡೆಯಲ್ಲಿ ಈ ಚರ್ಚೆಯನ್ನು ಕೈಯಲ್ಲಿ ಮುಟ್ಟಿ ನೋಡಬಹುದು. ಅಲ್ಲಿ ಅಲೆಗಳ ಹೊಡೆತ ಮುರಿಯಲು ಸುಮಾರು ಮೂರು ಸಾವಿರ ಓಕ್ ಕಾಂಡಗಳನ್ನು ಮರಳಿನಲ್ಲಿ ನೆಟ್ಟಿದ್ದಾರೆ. ಮರದ ಓರೆಕೋರೆಯನ್ನು ತಿದ್ದದೆ ನೆಟ್ಟ ಆಳೆತ್ತರ ಮೀರಿದ ಕಂಬಗಳವು. ಬುಡಕ್ಕೆ ಕಪ್ಪು ಚಿಪ್ಪು, ಹಸಿರು ಪಾಚಿ. ಉಪ್ಪುನೀರು ತಿಂದು ತುದಿಗಳು ಸೀಳಿವೆ. ಇಲ್ಲಿನ ಉಬ್ಬರ ಇಳಿತಗಳ ಅಂತರ ಯುರೋಪಿನಲ್ಲೇ ದೊಡ್ಡದೆನ್ನಿಸಿಕೊಂಡವುಗಳಲ್ಲಿ ಒಂದು, ಹನ್ನೆರಡು ಮೀಟರು ಮೀರುವ ದಿನಗಳೂ ಉಂಟು. ಅಂಥ ನೀರಿನಲ್ಲಿ ಯಾವ ಮರವೂ ಶಾಶ್ವತವಲ್ಲ. ಸವೆದದ್ದನ್ನು ತೆಗೆದು ಹೊಸ ಕಾಂಡ ನೆಡುವ ಕೆಲಸ ತಲೆಮಾರುಗಳಿಂದ ನಡೆದುಬಂದಿದೆ. ಆ ಸಾಲು ಬೇರೆಯಾಯಿತೆಂದು ಊರಿನಲ್ಲಿ ಯಾರೂ ಹೇಳುವುದಿಲ್ಲ. ಬದಲಾವಣೆ ಒಂದೊಂದಾಗಿ, ನಿಧಾನವಾಗಿ ಆದರೆ ಮನಸ್ಸು ಅದನ್ನು ಒಪ್ಪುತ್ತದೆ. ಹದಿನೈದೇ ದಿನಗಳಲ್ಲಿ ಮುಕ್ಕಾಲುಪಾಲು ಊರು ಹೋದರೆ ಒಪ್ಪಲು ಹಿಂಜರಿಯುತ್ತದೆ. ಆದರೆ ವೇಗವೊಂದೇ ಒಂದು ವಸ್ತುವಿನ ತಾದಾತ್ಮ್ಯವನ್ನು ಕೆಡಿಸಬಲ್ಲದೆಂಬುದಕ್ಕೆ ತರ್ಕದಲ್ಲಿ ಗಟ್ಟಿ ಆಧಾರವಿಲ್ಲ. ಕೊನೆಯ ಲೆಕ್ಕದಲ್ಲಿ ಎರಡೂ ಕಡೆ ಹಳೆಯ ಭಾಗಗಳು ಹೋಗಿರುತ್ತವೆ, ಹೊಸವು ಬಂದಿರುತ್ತವೆ.

1944ರಲ್ಲಿ ಸುಟ್ಟದ್ದು ಕೂಡ ಮೂಲ ಊರಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು. 1661ರ ಅಕ್ಟೋಬರಿನಲ್ಲಿ ಬಿದ್ದ ಬೆಂಕಿಯಲ್ಲಿ 280ಕ್ಕೂ ಹೆಚ್ಚು ಮನೆಗಳು ಬೂದಿಯಾದವು. ಆವರೆಗೆ ಸಾಂ-ಮಾಲೊ ಮುಖ್ಯವಾಗಿ ಮರದ ಮನೆಗಳ ಊರು. ಆ ಬೆಂಕಿಯ ನಂತರವೇ ಕಲ್ಲಿನಲ್ಲಿ ಕಟ್ಟಬೇಕೆಂಬ ಕಟ್ಟಳೆ ಬಂದದ್ದು. ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಎಂಜಿನಿಯರ್ ಗರಾಂಜೊ ಕೋಟೆಯನ್ನು ಹಿಗ್ಗಿಸಿ, ಕಡಲಿನಿಂದ ಗೆದ್ದ ನೆಲದಲ್ಲಿ ಹಡಗು ಮಾಲೀಕರ ಭವನಗಳಿಗೆ ಜಾಗ ಮಾಡಿಕೊಟ್ಟ. ಇನ್ನೂ ಹಿಂದೆ ಹೋದರೆ, ಹನ್ನೆರಡನೆಯ ಶತಮಾನದಲ್ಲಿ ಬಿಷಪ್ ಜಾಂ ದ ಶಾತಿಯೊಂ ತನ್ನ ಪೀಠವನ್ನು ಎದುರಿನ ಆಲೆಯಿಂದ ಈ ಬಂಡೆಗೆ ತಂದ ಮೇಲೆ ಇದು ಪಟ್ಟಣವಾಗಿ ಬೆಳೆಯಿತು. ವೇಲ್ಸಿನಿಂದ ಬಂದ ಆರನೆಯ ಶತಮಾನದ ಸನ್ಯಾಸಿ ಮಾಲೊನ ಹೆಸರು ಅದಕ್ಕೆ ಅಂಟಿಕೊಂಡಿತು. ಇವುಗಳಲ್ಲಿ ಯಾವ ಘಟ್ಟದ ಊರನ್ನು ಅಸಲಿ ಎನ್ನಬೇಕು? ಪುನರ್ನಿರ್ಮಾಣವನ್ನು ನಕಲಿ ಎಂದು ತಳ್ಳಿಹಾಕುವ ವಾದ ಈ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ. ಅದು 1943ರ ಊರನ್ನು ಕಾರಣ ಕೊಡದೆ ಮೂಲವೆಂದು ಇಟ್ಟುಕೊಂಡೇ ಹೊರಟಿರುತ್ತದೆ.

ಭಾರತದ ದರ್ಶನಗಳು ಇದೇ ಪ್ರಶ್ನೆಯನ್ನು ಊರಿಗಿಂತ ಮೊದಲು ಮನುಷ್ಯನ ಬಗ್ಗೆ ಕೇಳಿದವು. ಮಿಲಿಂದಪನ್ಹದಲ್ಲಿ ಭಿಕ್ಷು ನಾಗಸೇನ ಯವನ ದೊರೆ ಮಿಲಿಂದನನ್ನು ಅವನ ರಥದ ಬಗ್ಗೆ ಪ್ರಶ್ನಿಸುತ್ತಾನೆ. ಗಾಲಿ ರಥವೇ, ಅಚ್ಚು ರಥವೇ, ನೊಗ ರಥವೇ? ಯಾವುದೂ ಅಲ್ಲ, ಇವೆಲ್ಲ ಕೂಡಿದಾಗ ವ್ಯವಹಾರಕ್ಕಾಗಿ ಇಟ್ಟ ಹೆಸರು ರಥ. ಈ ಕಣ್ಣಿನಿಂದ ನೋಡಿದರೆ ಸಾಂ-ಮಾಲೊ ಎಂಬ ಒಂದು ನಿತ್ಯವಸ್ತು ಎಂದೂ ಇರಲಿಲ್ಲ. ಒಂದರಿಂದೊಂದು ಹುಟ್ಟುತ್ತ ಬಂದ ಸ್ಥಿತಿಗಳ ಹರಿವು ಇತ್ತು, ಈಗಲೂ ಇದೆ. ನ್ಯಾಯದರ್ಶನದ ನೈಯಾಯಿಕರು ಇದನ್ನು ಒಪ್ಪಲಿಲ್ಲ. ನಿನ್ನೆ ಕಂಡದ್ದೇ ಇದು ಎಂಬ ಗುರುತಿಸುವಿಕೆ, ಅಂದರೆ ಪ್ರತ್ಯಭಿಜ್ಞೆ, ಬರಿಯ ಹರಿವಿನಿಂದ ಹುಟ್ಟುವುದಿಲ್ಲ, ಗುರುತಿಗೆ ಸಿಗುವ ಒಂದು ಸ್ಥಿರವಸ್ತು ಇರಲೇಬೇಕು ಎಂಬುದು ಅವರ ಪಟ್ಟು. ಬೌದ್ಧರ ಮರುನುಡಿ ದೀಪದ ಕುಡಿ: ಕ್ಷಣಕ್ಷಣಕ್ಕೂ ಬೇರೆಯಾಗುವ ಜ್ವಾಲೆಯನ್ನೂ ಜನ ಒಂದೇ ದೀಪವೆಂದು ಗುರುತಿಸುತ್ತಾರಲ್ಲ, ಆದ್ದರಿಂದ ಗುರುತಿಸುವಿಕೆ ತಪ್ಪಬಹುದು. ಸಾಂ-ಮಾಲೊ ಈ ಎಚ್ಚರಿಕೆಗೆ ಒಳ್ಳೆಯ ಸಾಕ್ಷಿ. ಬೀದಿಯಲ್ಲಿ ನಿಂತ ವಿದ್ಯಾರ್ಥಿಗೆ ಇದು ಹಳೆಯ ಊರು ಎಂದು ಅನ್ನಿಸುವುದರಿಂದಲೇ ಅದು ಹಳೆಯದಾಗುವುದಿಲ್ಲ.

ಜೈನ ಆಚಾರ್ಯ ಸಮಂತಭದ್ರ ಆಪ್ತಮೀಮಾಂಸೆಯಲ್ಲಿ ಕೊಡುವ ನಿದರ್ಶನ ಈ ಎರಡು ಪಕ್ಷಗಳಿಗಿಂತ ಇಲ್ಲಿಗೆ ಹೆಚ್ಚು ಹೊಂದುತ್ತದೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಮೂವರ ಭಾವಕ್ಕೂ ವಸ್ತುವಿನಲ್ಲೇ ಕಾರಣವಿದೆ, ಏಕೆಂದರೆ ಅಳಿವು, ಹುಟ್ಟು, ಉಳಿವು ಮೂರೂ ಅಲ್ಲಿ ಒಟ್ಟಿಗೆ ನಡೆದಿವೆ. 1944ರಲ್ಲಿ ಮನೆ ಕಳೆದುಕೊಂಡವರ ಶೋಕ, 1950ರ ದಶಕದಲ್ಲಿ ಹೊಸ ಮನೆಗೆ ಕಾಲಿಟ್ಟವರ ಹಿಗ್ಗು, ಕೋಟೆ ಉಳಿದಿದೆ ಊರು ಉಳಿದಿದೆ ಎಂದವರ ಸಮಾಧಾನ, ಯಾವುದೂ ಭ್ರಮೆಯಲ್ಲ. ಆದರೂ ಈ ನಿದರ್ಶನ ಒಂದು ಕಡೆ ತೊಡಕುತ್ತದೆ. ಕೊಡಕ್ಕೂ ಕಿರೀಟಕ್ಕೂ ಚಿನ್ನ ಒಂದೇ. ಸುಟ್ಟ ಊರಿಗೂ ಕಟ್ಟಿದ ಊರಿಗೂ ನಡುವೆ ಉಳಿದ ಚಿನ್ನ ಯಾವುದು ಎಂಬುದನ್ನು ಬೇರೆಯಾಗಿಯೇ ಹುಡುಕಬೇಕು.

ಧರ್ಮಗಳಿಗೆ ಈ ಹುಡುಕಾಟ ಬರಿಯ ಚಿಂತನೆಯಲ್ಲ, ಆಚರಣೆಯಲ್ಲಿ ತೀರ್ಮಾನಿಸಬೇಕಾದ ಸಂಗತಿ. ಸಾಂ-ಮಾಲೊ ನಾಶವಾದಾಗ ಕ್ಯಾಥೊಲಿಕ್ ಚರ್ಚಿನಲ್ಲಿ ಜಾರಿಯಲ್ಲಿದ್ದದ್ದು 1917ರ ಧರ್ಮಸಂಹಿತೆ. ಒಂದು ಚರ್ಚು ಪೂರ್ತಿ ನಾಶವಾದರೆ ಅಥವಾ ಅದರ ಗೋಡೆಗಳ ಹೆಚ್ಚಿನ ಭಾಗ ಬಿದ್ದರೆ ಅದರ ಪ್ರತಿಷ್ಠೆ ಹೋಗುತ್ತದೆ ಎಂಬುದು ಅದರ ನಿಯಮಗಳಲ್ಲಿ ಒಂದು. ಪಾವಿತ್ರ್ಯವನ್ನು ಗೋಡೆಯ ಲೆಕ್ಕದಲ್ಲಿ ಅಳೆದ ನಿಯಮ ಅದು. ಮಾಡು ಹೋದರೂ ಗೋಪುರ ಹೋದರೂ ಗೋಡೆ ನಿಂತಿದ್ದರೆ ಅದೇ ಚರ್ಚು. ಸಾಂ-ವಿನ್ಸೆಂಟ್ ಕೆಥೆಡ್ರಲಿನಲ್ಲಿ ಹನ್ನೆರಡನೆಯ ಶತಮಾನದ ನಡುಮಂಟಪದ ಬಹುಭಾಗ ಉಳಿದುಕೊಂಡಿತು. ಬಿದ್ದ ಶಿಖರ ಹತ್ತೊಂಬತ್ತನೆಯ ಶತಮಾನದ್ದು. ಅದರ ಜಾಗದಲ್ಲಿ 1970ರ ದಶಕದ ಹೊತ್ತಿಗೆ ಬೇರೆಯೇ ವಿನ್ಯಾಸದ ಶಿಖರ ಎದ್ದಿತು. ಒಡೆದ ಗಾಜುಗಳ ಬದಲಿಗೆ ಬಂದವುಗಳಲ್ಲಿ ಝಾಂ ಲ ಮೊಆಲ್ ಅವರ ಅಮೂರ್ತ ವರ್ಣಗಾಜೂ ಒಂದು. ಬಿಸಿಲಿನಲ್ಲಿ ಅದರ ಕೆಂಪು, ಹಳದಿ, ನೀಲಿ ಹಳೆಯ ಕಂಬಗಳ ಮೇಲೆ ಬೀಳುವಾಗ ಎಂಟು ಶತಮಾನಗಳ ಅಂತರ ಕಾಣುತ್ತದೆ, ಮುಚ್ಚಿಡುವ ಪ್ರಯತ್ನ ಕಾಣುವುದಿಲ್ಲ. ಒಳಗಿನ ನೆಲದಲ್ಲಿ ಒಂದು ಗುರುತಿದೆ: 1535ರಲ್ಲಿ ಕೆನಡಾದತ್ತ ಎರಡನೆಯ ಯಾನಕ್ಕೆ ಹೊರಟ ಈ ಊರಿನ ನಾವಿಕ ಝಾಕ್ ಕಾರ್ತಿಯೆ ಆಶೀರ್ವಾದಕ್ಕೆ ಮೊಣಕಾಲೂರಿದ ಜಾಗವದು ಎಂದು ಅದು ಹೇಳುತ್ತದೆ.

ಇದಕ್ಕಿಂತ ಯೋಚನೆಗೆ ಹಚ್ಚುವ ಸಂಗತಿ ಇನ್ನೊಂದು. ಈ ಕೆಥೆಡ್ರಲಿಗೆ ಬಿಷಪ್ ಇಲ್ಲ. ಫ್ರೆಂಚ್ ಕ್ರಾಂತಿಯ ಕಾಲದ ಬದಲಾವಣೆಗಳಲ್ಲಿ ಸಾಂ-ಮಾಲೊ ಧರ್ಮಪ್ರಾಂತ ರದ್ದಾಯಿತು, ಊರು ರೆನ್ ಪೀಠಕ್ಕೆ ಸೇರಿತು. ಬಿಷಪ್ ಕೂರುವ ಚರ್ಚೇ ಕೆಥೆಡ್ರಲ್ ಎಂಬ ಅರ್ಥದಲ್ಲಿ ಅದು ಕೆಥೆಡ್ರಲ್ ಅಲ್ಲದೆ ಇನ್ನೂರು ವರ್ಷ ದಾಟಿದೆ. ಬಾಂಬು ಮಾಡಿದ್ದಕ್ಕಿಂತ ಆಳದ ಬದಲಾವಣೆಯನ್ನು ಒಂದು ಆಡಳಿತ ತೀರ್ಮಾನ ಮಾಡಿತ್ತು, ಒಂದು ಕಲ್ಲೂ ಅಲುಗಿರಲಿಲ್ಲ.

ಹಿಂದೂ ಆಗಮಗಳ ಉತ್ತರ ಬೇರೆ ರೀತಿಯದು. ಅಲ್ಲಿ ಜೀರ್ಣೋದ್ಧಾರಕ್ಕೆ ಮುಂಚೆ ದೇವರ ಕಲೆಯನ್ನು ಮೂರ್ತಿಯಿಂದ ಕಲಶದ ನೀರಿಗೆ ಆವಾಹಿಸಿ, ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿಟ್ಟು ಪೂಜಿಸುತ್ತಾರೆ. ಗುಡಿ ಎದ್ದ ಮೇಲೆ ಮತ್ತೆ ಪ್ರತಿಷ್ಠೆ, ಬ್ರಹ್ಮಕಲಶ. ಕರಾವಳಿ ಕರ್ನಾಟಕದಲ್ಲಿ ಹಳೆಯ ಗರ್ಭಗುಡಿಯನ್ನು ಪೂರ್ತಿ ಬಿಚ್ಚಿ ಹೊಸ ಶಿಲೆಯಲ್ಲಿ ಕಟ್ಟಿದ ದೇವಸ್ಥಾನಗಳಿಗೆ ಲೆಕ್ಕವಿಲ್ಲ. ಭಕ್ತರಿಗೆ ಅದು ಅದೇ ದೇವಸ್ಥಾನ. ಕಲ್ಲು ಬದಲಾಗಬಹುದು, ಸಾನ್ನಿಧ್ಯದ ಎಳೆ ನಡುವೆ ಕಡಿಯಬಾರದು. ಪುರಿಯ ನವಕಲೇವರದಲ್ಲಿ ಮರದ ಮೂರ್ತಿಗಳೇ ಹೊಸದಾಗುತ್ತವೆ, ಒಳಗಿನ ಬ್ರಹ್ಮಪದಾರ್ಥ ಹಳೆಯ ಮೂರ್ತಿಯಿಂದ ಹೊಸದಕ್ಕೆ ಸಾಗುತ್ತದೆ. ಜಪಾನಿನ ಇಸೆ ದೇಗುಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟಿ ದೇವತೆಯನ್ನು ಅಲ್ಲಿಗೆ ಕರೆದೊಯ್ಯುತ್ತಾರೆ; ಕಳೆದ ಬಾರಿ ಅದು ನಡೆದದ್ದು 2013ರಲ್ಲಿ. ಇವೆಲ್ಲವುಗಳಲ್ಲಿ ಒಂದು ಮಾತು ಸಮಾನ. ಅದೇತನ ತಾನಾಗಿ ಉಳಿಯುವುದಿಲ್ಲ, ಅದನ್ನು ಯಾರಾದರೂ ಹೊತ್ತು ದಾಟಿಸಬೇಕು.

ಊರಿನ ವಿಷಯದಲ್ಲಿ ಹಾಗೆ ದಾಟಿಸುವವರು ಯಾರು, ದಾಟಿಸುವುದೇನನ್ನು? ಇದಕ್ಕೆ ನೇರವಾಗಿ ಕೈಹಾಕಿದವನು ಅರಿಸ್ಟಾಟಲ್. ‘ಪಾಲಿಟಿಕ್ಸ್’ ಗ್ರಂಥದ ಮೂರನೆಯ ಭಾಗದಲ್ಲಿ ನಗರವೊಂದನ್ನು ಅದೇ ನಗರ ಎನ್ನುವುದು ಯಾವಾಗ ಎಂದು ಅವನು ಕೇಳುತ್ತಾನೆ. ಕೋಟೆಗೋಡೆ ಉತ್ತರವಾಗಲಾರದು, ಇಡೀ ಪೆಲೊಪೊನೀಸ್ ಪ್ರದೇಶದ ಸುತ್ತ ಗೋಡೆ ಕಟ್ಟಿದರೂ ಅದು ಒಂದು ನಗರವಾಗುವುದಿಲ್ಲ ಎಂಬುದು ಅವನ ವಾದ. ಜನರೇ ಉತ್ತರವೆಂದರೆ, ಅವರು ನದಿಯ ನೀರಿನಂತೆ ಬಂದು ಹೋಗುವವರು. ನಾಟಕದಲ್ಲಿ ಅದೇ ಮಂದಿಯ ಮೇಳ ಒಮ್ಮೆ ದುರಂತಕ್ಕೂ ಒಮ್ಮೆ ಹಾಸ್ಯಕ್ಕೂ ಹಾಡುತ್ತದೆ, ಆದರೆ ಎರಡನ್ನೂ ಒಂದೇ ಮೇಳವೆನ್ನುವುದಿಲ್ಲ. ಹಾಗೆಯೇ ನಗರದ ಅದೇತನ ಇರುವುದು ಅದರ ರಾಜ್ಯವ್ಯವಸ್ಥೆಯಲ್ಲಿ, ಅಂದರೆ ಜನ ಕೂಡಿ ಬಾಳಲು ಒಪ್ಪಿಕೊಂಡ ಕ್ರಮದಲ್ಲಿ. ಅವನಿಗೆ ಈ ಪ್ರಶ್ನೆ ಹುಟ್ಟಿದ್ದಾದರೂ ಎಲ್ಲಿಂದ ಎಂಬುದು ಬಹಳ ಮುಖ್ಯ. ಆಳ್ವಿಕೆ ಬದಲಾದಾಗ ಹೊಸ ಆಳ್ವಿಕೆಯವರು, ಹಳೆಯ ಸಾಲ ನಮ್ಮದಲ್ಲ, ಆ ಸಾಲ ಮಾಡಿದ್ದು ಬೇರೆ ನಗರ ಎನ್ನುತ್ತಿದ್ದರು. ಅದೇ ಊರೇ ಎಂಬ ಪ್ರಶ್ನೆಯ ಬೇರಿನಲ್ಲಿ ಸಾಲ ತೀರಿಸಬೇಕಾದವರು ಯಾರು ಎಂಬ ಪ್ರಶ್ನೆಯಿದೆ. ಅರಿಸ್ಟಾಟಲ್ ಆ ಎರಡನೆಯದನ್ನು ಬೇರೆ ಚರ್ಚೆಯೆಂದು ಅಲ್ಲಿಗೇ ಬಿಟ್ಟ. ಸಾಂ-ಮಾಲೊದಲ್ಲಿ ಅದನ್ನು ಹಾಗೆ ಬಿಡುವುದು ಕಷ್ಟ.

ಏಕೆಂದರೆ ಆ ಊರು ತನ್ನ ನಿನ್ನೆಯನ್ನು ಅಭಿಮಾನದಿಂದ ತನ್ನದೆನ್ನುತ್ತದೆ. ಕೋಟೆಯ ಮೇಲಿನ ನಡಿಗೆ ಒಂದು ಸುತ್ತಿಗೆ ಎರಡು ಕಿಲೊಮೀಟರಿಗೆ ತುಸು ಕಡಿಮೆ; ಆ ಸುತ್ತಿನಲ್ಲೇ ರಾಬೆರ್ ಸುರ್ಕೂಫನ ಪ್ರತಿಮೆ ಸಮುದ್ರದತ್ತ ಬೆರಳು ಚಾಚಿ ನಿಂತಿದೆ. 1800ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಇಂಗ್ಲಿಷರ ‘ಕೆಂಟ್’ ಹಡಗನ್ನು ಹಿಡಿದ ಸಾಹಸಿ ಎಂದು ಅವನ ಕೀರ್ತಿ. ಅವನೇ ಹಿಂದೂ ಮಹಾಸಾಗರದಲ್ಲಿ ಗುಲಾಮರನ್ನು ಸಾಗಿಸಿ ಮಾರಿದವನೂ ಹೌದು. ಬಾಂಬಿನಿಂದ ಪಾರಾದ ದೊಡ್ಡ ಮನೆಗಳಲ್ಲಿ ಒಂದನ್ನು 1725ರಲ್ಲಿ ಕಟ್ಟಿಸಿದ್ದು ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಗೊಂ ದ ಲಾ ಲಾಂದ್. ಈಗ ಅದು ನೋಡುಗರಿಗೆ ತೆರೆದಿದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಭಾರತ ವ್ಯಾಪಾರ ಕೆಲವು ವರ್ಷ ಈ ಊರಿನ ವರ್ತಕರ ಕೈಯಲ್ಲೇ ಇತ್ತು. 1746ರಲ್ಲಿ ಮದ್ರಾಸನ್ನು ಇಂಗ್ಲಿಷರಿಂದ ಕಸಿದ ಲಾ ಬೂರ್ದೊನೆ ಹುಟ್ಟಿದ್ದು ಇಲ್ಲಿಯೇ. ಪುದುಚೇರಿಯ ಕಡೆಯಿಂದ ಹೋದ ನೀಲಿ ಬಟ್ಟೆ ಪಶ್ಚಿಮ ಆಫ್ರಿಕದಲ್ಲಿ ಮನುಷ್ಯರಿಗೆ ತೆರುವ ಬೆಲೆಯಾಗಿತ್ತು. ಹಡಗು ಮಾಲೀಕರ ಭವನಗಳ ಹಿಂದೆ ನ್ಯೂಫೌಂಡ್‌ಲ್ಯಾಂಡಿನ ಕಾಡ್ ಮೀನು ಇದೆ, ಭಾರತದ ಹತ್ತಿ ಇದೆ, ಪರರ ಹಡಗುಗಳ ಲೂಟಿ ಇದೆ, ಗುಲಾಮರ ವ್ಯಾಪಾರವೂ ಇದೆ.

ಆ ಭವನಗಳ ಮುಖಗಳನ್ನು 1950ರ ದಶಕದಲ್ಲಿ ಮೊದಲಿದ್ದಂತೆಯೇ ಎಬ್ಬಿಸಿದಾಗ ಊರು ಒಂದು ಆಯ್ಕೆ ಮಾಡಿತು. ಲ ಹಾವ್ರ್‌ನಂತೆ ಬೇರೆ ಮುಖ ತೊಟ್ಟಿದ್ದರೆ ಹಿಂದಿನ ಊರು ಅಳಿಯಿತು, ಇದು ಹೊಸದು ಎನ್ನುವ ಅವಕಾಶ, ಸರಿಯೋ ತಪ್ಪೋ, ಇರುತ್ತಿತ್ತು. ಸಾಂ-ಮಾಲೊ ಆ ಅವಕಾಶವನ್ನು ಬೇಡವೆಂದಿತು. ಕಾರ್ತಿಯೆಯನ್ನು ನಮ್ಮವನು ಎನ್ನುವ ಊರು ಗುಲಾಮರ ಹಡಗುಗಳನ್ನು ಬೇರೆ ಯಾರದೋ ಎನ್ನಲಾರದು. ವೈಭವಕ್ಕೆ ಒಂದು ಊರು, ಹೊಣೆಗೆ ಇನ್ನೊಂದು ಊರು ಎಂದು ಎರಡು ಮಾಡಿದರೆ ಅದೇತನದ ವಾದವೇ ಕುಸಿಯುತ್ತದೆ. ಸಮಂತಭದ್ರನ ನಿದರ್ಶನದಲ್ಲಿ ತೊಡಕಾಗಿದ್ದ ಚಿನ್ನಕ್ಕೆ ಇಲ್ಲಿ ಉತ್ತರ ಸಿಗುತ್ತದೆ. ಸುಟ್ಟ ಊರಿನಿಂದ ಕಟ್ಟಿದ ಊರಿಗೆ ದಾಟಿದ್ದು ಗ್ರಾನೈಟಲ್ಲ, ಹಕ್ಕು ಮತ್ತು ಹೊಣೆ. ಆಸ್ತಿಪತ್ರ, ನಗರಸಭೆ, ಬೀದಿಯ ಹೆಸರು, ಸಮಾಧಿಯ ಕಾಳಜಿ, ಹಳೆಯ ಅಪಕೀರ್ತಿ, ಎಲ್ಲ ಒಟ್ಟಿಗೆ ದಾಟಿದವು.

ಇದೇ ಊರಿನಲ್ಲಿ 1709ರಲ್ಲಿ ಹುಟ್ಟಿದ ವೈದ್ಯ ಲಾ ಮೆತ್ರಿ ಈ ಉತ್ತರವನ್ನು ಒಪ್ಪುತ್ತಿದ್ದನೆಂದು ಹೇಳಲಾಗದು. ಮನುಷ್ಯನನ್ನು ಯಂತ್ರವೆಂದು ವಾದಿಸಿದ ಅವನ ಪುಸ್ತಕ 1747ರ ಕೊನೆಗೆ ಹೊರಬಂದಾಗ ಹಾಲೆಂಡಿನಲ್ಲೂ ಅವನಿಗೆ ನೆಲೆ ತಪ್ಪಿತು. ಅದೇ ಸಾಂ-ಮಾಲೊದ ಮೊಪೆರ್ತ್ವಿ ಅಧ್ಯಕ್ಷನಾಗಿದ್ದ ಬರ್ಲಿನ್ ಅಕಾಡೆಮಿಯ ಆಸರೆಗೆ ಅವನು ಹೋದ. ದೇಹದ ಜೋಡಣೆಯಾಚೆ ಆತ್ಮವೆಂಬುದೊಂದನ್ನು ಇಟ್ಟುಕೊಳ್ಳದವನಿಗೆ ಗೋಡೆಯಾಚೆ ಊರೆಂಬುದು ಕಾಣುವುದು ಕಷ್ಟ. ಆದರೆ ಹೊಣೆ ಎಂಬುದು ಆತ್ಮದಂಥ ಅಗೋಚರ ವಸ್ತುವಲ್ಲ. ಅದು ಜನ ಒಬ್ಬರಿಗೊಬ್ಬರು ಕೊಟ್ಟ, ಪಡೆದ ಮಾತುಗಳ ಜಾಲ. ಯಂತ್ರವಾದಿಯೂ ತಾನು ನಿನ್ನೆ ಬರೆದುಕೊಟ್ಟ ಸಾಲಪತ್ರವನ್ನು ಇಂದು ತನ್ನದೆಂದು ಒಪ್ಪಲೇಬೇಕಾಗುತ್ತದೆ.

ಹೊಣೆ ಹೊರಲು ಜನ ಬೇಕು. ಸಾಂ-ಮಾಲೊದ ಇಂದಿನ ಕಷ್ಟ ಇರುವುದು ಇಲ್ಲಿ. 1967ರಲ್ಲಿ ನೆರೆಯ ಸಾಂ-ಸೆರ್ವಾಂ ಮತ್ತು ಪರಾಮೆ ಸೇರಿ ಊರು ದೊಡ್ಡದಾಯಿತು. ನಿತ್ಯದ ಬದುಕು ಬಹುಪಾಲು ಗೋಡೆಯ ಹೊರಗೆ ನಡೆಯುತ್ತದೆ. ಒಳಗಿನ ಮನೆಗಳಲ್ಲಿ ಎಷ್ಟೋ ರಜೆಗೆ ಬರುವವರ ಎರಡನೆಯ ಮನೆಗಳು, ಎಷ್ಟೋ ವಾರದ ಬಾಡಿಗೆಗೆ ಸಿಗುವ ಕೋಣೆಗಳು. ಚಳಿಗಾಲದ ಸಂಜೆ ಕಡೆಯ ರೈಲಿಗೆ ಹೊರಡುವ ವಿದ್ಯಾರ್ಥಿ ತಲೆಯೆತ್ತಿ ನೋಡಿದರೆ ಮೇಲಿನ ಮಹಡಿಗಳಲ್ಲಿ ಕದ ಮುಚ್ಚಿದ ಕಿಟಕಿಗಳೇ ಎಷ್ಟೋ ಕಾಣುತ್ತವೆ. ಬಾಂಬುಗಳು ಗೋಡೆ ಬಿಟ್ಟು ಮನೆ ಕೆಡವಿದ್ದವು. ಈಗ ಗೋಡೆಯೂ ಮನೆಯೂ ನೆಟ್ಟಗಿದ್ದು, ಅರಿಸ್ಟಾಟಲ್ ಹೇಳಿದ ಕೂಡಿಬಾಳುವ ಕ್ರಮವೇ ಸೊರಗುವ ಭಯ. ಊರನ್ನು ದಾಟಿಸಬೇಕಾದವರು ಅಲ್ಲಿ ನೆಲೆಸಲಾಗದಿದ್ದರೆ ಅರೆತ್ಶ್‌ನ ಗ್ರಾನೈಟ್ ಎಷ್ಟು ಗಟ್ಟಿಯಿದ್ದರೂ ಸಾಲದು. 2021ರಲ್ಲಿ ನಗರಸಭೆ ಪ್ರವಾಸಿ ಬಾಡಿಗೆಮನೆಗಳಿಗೆ ಬಡಾವಣೆವಾರು ಮಿತಿ ಹಾಕಿತು. ಕೋಟೆಯೊಳಗಿನ ಊರೂ ಆ ಮಿತಿಗೆ ಒಳಪಟ್ಟಿದೆ.